ಡೈವೋರ್ಸ್ ತೀರ್ಪಿನ ಮೇಲೆ ಅಪೀಲು: ಶಿರಸಿಯಿಂದ ಧಾರವಾಡದವರೆಗೆ

ಡೈವೋರ್ಸ್ ಆಗಿದ್ದಕ್ಕೆ ನನ್ನ ತಕರಾರು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಪೀಲು ಹಾಕಿದ್ದೇನೆ ಎಂದ ಕೂಡಲೇ ಕೇಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಮತ್ತೆ ಒಟ್ಟಿಗೆ ಇರುವ ಆಸೆಯಾ?" ಅಲ್ಲ. ಆ ಮದುವೆ ಕೋರ್ಟಿಗೆ ಹೋಗುವ ಮೊದಲೇ ಮುಗಿದಿತ್ತು. ನನ್ನ ಜಗಳ ಇದ್ದಿದ್ದು ತೀರ್ಪಿನ ಕೊನೆಯ ಕೆಲವು ಪುಟಗಳ ಜೊತೆ. ಜೀವನಾಂಶ ಎಷ್ಟು, ಮಗಳಿಗೆ ಎಷ್ಟು, ಬಂಗಾರ ಏನಾಯಿತು, ಮನೆ ಯಾರದ್ದು ಎನ್ನುವ ಭಾಗ. ವಿಚ್ಛೇದನವನ್ನು ಒಪ್ಪಿಕೊಂಡು ಹಣದ ಭಾಗವನ್ನಷ್ಟೇ ಪ್ರಶ್ನೆ ಮಾಡಬಹುದು ಎನ್ನುವುದು ನಮ್ಮ ಕಡೆ ಸುಮಾರು ಹೆಂಗಸರಿಗೆ ಗೊತ್ತೇ ಇಲ್ಲ. ಹಿಂದೂ ವಿವಾಹ ಕಾಯ್ದೆಯ 28ನೇ ಕಲಂನಲ್ಲಿ ಅದು ಸ್ಪಷ್ಟವಾಗಿ ಇದೆ. 25ನೇ ಕಲಂ ಕೆಳಗೆ ಕೊಟ್ಟ ಶಾಶ್ವತ ಜೀವನಾಂಶದ ಆದೇಶ, 26ನೇ ಕಲಂ ಕೆಳಗೆ ಮಕ್ಕಳ ಬಗ್ಗೆ ಕೊಟ್ಟ ಆದೇಶ, ಇವು ಮಧ್ಯಂತರ ಆದೇಶ ಅಲ್ಲದಿದ್ದರೆ ಅವುಗಳ ಮೇಲೆ ಅಪೀಲು ಹೋಗಬಹುದು.

ನನ್ನದು ಶಿರಸಿ-ಸಿದ್ದಾಪುರ ನಡುವಿನ ಒಂದು ಅಡಿಕೆ ತೋಟದ ಮನೆಗೆ ಮದುವೆಯಾಗಿ ಹೋದ ಕಥೆ. ಹನ್ನೆರಡು ವರ್ಷ ಅಲ್ಲಿದ್ದೆ. ಅದರ ವಿವರ ಇಲ್ಲಿ ಬೇಡ. ವಿಚ್ಛೇದನಕ್ಕೆ ಅರ್ಜಿ ಹಾಕಿದ್ದು ಆತ, ನಾನು ಪ್ರತಿವಾದಿ. ಜಿಲ್ಲೆಯದೇ ಒಂದು ಕೋರ್ಟು ಎಂದರೆ ಸಾಕು. ತೀರ್ಪು ಬಂದಾಗ ನನಗೆ ಒಟ್ಟು 6 ಲಕ್ಷ, ಮಗಳಿಗೆ ತಿಂಗಳಿಗೆ 3,000 ರೂಪಾಯಿ. ತೋಟ ಮಾವನ ಹೆಸರಿನಲ್ಲಿದೆ, ಗಂಡನಿಗೆ ಸ್ವಂತ ಆದಾಯ ಇರುವುದಕ್ಕೆ ದಾಖಲೆ ಇಲ್ಲ, ಹೆಂಡತಿ ಬಿ.ಎಡ್ ಮಾಡಿದ್ದಾಳೆ, ದುಡಿಯಬಲ್ಲಳು. ಇದು ಅದರ ಸಾರ. ಬಂಗಾರದ ಬಗ್ಗೆ ಏನೂ ಇಲ್ಲ, ಮನೆಯ ಮೇಲೆ ಹಕ್ಕಿಲ್ಲ.

ಊರಲ್ಲಿ ಎಲ್ಲರೂ ಹೇಳಿದ್ದು ಸಾಕು ಎಂದು. ದೊಡ್ಡಪ್ಪ ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತು, "ಇನ್ನು ಎಂತಕ್ಕೆ ತಂಗಿ ಕೋರ್ಟು? ಬಂದಿದ್ದು ತಗಂಡು ಸುಮ್ನಿರು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವರ ಕಾಲದಲ್ಲಿ ಜಮೀನಿನ ಕೇಸುಗಳು ಅಜ್ಜನಿಂದ ಮೊಮ್ಮಗನವರೆಗೆ ನಡೆದದ್ದನ್ನು ನೋಡಿದವರು. ಆಯಿ, ಅಂದರೆ ನನ್ನ ಅಮ್ಮ, ಮಾತ್ರ ಬೇರೆ ಹೇಳಿದಳು. "ನೀ ಮಾಡು. ದುಡ್ಡು ಬತ್ತೋ ಬಿಡ್ತೋ, ಅವಂಗೆ ಆದಾಯನೇ ಇಲ್ಲೆ ಹೇಳಿ ಬರ್ದಿದ್ದು ಹಂಗೇ ಉಳಿಯಲಾಗ." ಆ ಮಾತು ನನಗೆ ಹಿಡಿಸಿತು. ನಾನೂ ಅದಕ್ಕೇ ಹೊರಟಿದ್ದು. ಹನ್ನೆರಡು ವರ್ಷ ಕೊಯ್ಲಿನ ಸಮಯದಲ್ಲಿ ನಾನೇ ಕೂತು ಅಡಿಕೆ ಸುಲಿದಿದ್ದೇನೆ, ಬೇಯಿಸಿದ್ದೇನೆ, ಅಟ್ಟದ ಮೇಲೆ ಹರವಿದ್ದೇನೆ. ರಾಶಿ ಎಷ್ಟಾಯಿತು, ಚಾಲಿ ಎಷ್ಟಾಯಿತು, ಗೋಟು ಎಷ್ಟು ಬಿತ್ತು ಎಂದು ಅಡಿಕೆಯ ಒಂದೊಂದು ಬಗೆಯ ಲೆಕ್ಕವೂ ನನಗೆ ಬಾಯಿಪಾಠ. ಆ ಮನೆಯಲ್ಲಿ ಆದಾಯ ಇಲ್ಲ ಎಂದು ಸರ್ಕಾರಿ ಕಾಗದದ ಮೇಲೆ ಇರುವುದನ್ನು ಸಹಿಸುವುದು ನನ್ನಿಂದ ಆಗಲಿಲ್ಲ.

ಮೊದಲ ಕೆಲಸ ನಕಲು ತೆಗೆಯುವುದು. ತೀರ್ಪು ಓದಿ ಹೇಳಿದ ದಿನವೇ ನಮ್ಮ ವಕೀಲರ ಗುಮಾಸ್ತ ನಕಲು ಅರ್ಜಿ ಬರೆಸಿ ಕೊಟ್ಟರು. ಇದು ತುಂಬಾ ದೊಡ್ಡ ವಿಷಯ, ಆಮೇಲೆ ಗೊತ್ತಾಯಿತು. ಅಪೀಲಿನ ಗಡುವು ತೀರ್ಪಿನ ದಿನದಿಂದಲೇ ಓಡಲು ಶುರುವಾಗುತ್ತದೆ, ನಕಲು ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಆದರೆ ನಕಲು ಮಾಡಿಕೊಡಲು ಕೋರ್ಟು ತೆಗೆದುಕೊಂಡ ದಿನಗಳನ್ನು ಲಿಮಿಟೇಷನ್ ಕಾಯ್ದೆಯ 12ನೇ ಕಲಂ ಪ್ರಕಾರ ಗಡುವಿನ ಲೆಕ್ಕಕ್ಕೆ ಸೇರಿಸದೆ ಬಿಡುತ್ತಾರೆ. ಅರ್ಜಿಯನ್ನೇ ತಡವಾಗಿ ಹಾಕಿದರೆ, ಹಾಕುವ ಮೊದಲಿನ ದಿನಗಳು ನಿಮ್ಮ ಲೆಕ್ಕಕ್ಕೇ ಹೋಗುತ್ತವೆ. ದೃಢೀಕೃತ ನಕಲಿನ ಕೊನೆಯ ಪುಟದ ಹಿಂದೆ ಒಂದು ಸೀಲು ಇರುತ್ತದೆ. ಅರ್ಜಿ ಬಂದ ತಾರೀಖು, ಶುಲ್ಕ ಕಟ್ಟಲು ತಿಳಿಸಿದ ತಾರೀಖು, ಕಟ್ಟಿದ ತಾರೀಖು, ನಕಲು ಸಿದ್ಧವಾದ ತಾರೀಖು, ಕೊಟ್ಟ ತಾರೀಖು, ಎಲ್ಲ ಕೈಯಲ್ಲಿ ಬರೆದಿರುತ್ತಾರೆ. ಧಾರವಾಡದ ವಕೀಲರು ನನ್ನ ಕಾಗದ ಕೈಗೆ ತೆಗೆದುಕೊಂಡವರು ಮೊದಲು ನೋಡಿದ್ದು ತೀರ್ಪನ್ನಲ್ಲ, ಆ ಸೀಲನ್ನು.

ಗಡುವಿನ ವಿಷಯದಲ್ಲಿ ಒಂದು ಗೊಂದಲ ಇದೆ, ಅದನ್ನು ಬರೆಯಲೇಬೇಕು. ಕೌಟುಂಬಿಕ ನ್ಯಾಯಾಲಯ ತೀರ್ಪು ಕೊಟ್ಟಿದ್ದರೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ ಬರುತ್ತದೆ, ಅದರಲ್ಲಿ ಇರುವುದು 30 ದಿನ. ಹಿಂದೂ ವಿವಾಹ ಕಾಯ್ದೆಯ 28ನೇ ಕಲಂನಲ್ಲಿ 90 ದಿನ. ಮೊದಲು ಅಲ್ಲೂ 30 ಇತ್ತು, 2003ರ ತಿದ್ದುಪಡಿಯಲ್ಲಿ 90 ಮಾಡಿದರು. ಒಂದೇ ವಿಷಯಕ್ಕೆ ಎರಡು ಕಾನೂನು, ಎರಡು ಗಡುವು. ಇದರ ಮೇಲೆ ಹೈಕೋರ್ಟುಗಳಲ್ಲಿ ವಾದಗಳೂ ನಡೆದಿವೆ. ನನ್ನದು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನ ಎಂ.ಸಿ. (ವೈವಾಹಿಕ ಪ್ರಕರಣ) ಕೇಸು ಆಗಿದ್ದರಿಂದ 90 ದಿನ ಸಿಗುತ್ತಿತ್ತು. ಆದರೂ ನಮ್ಮ ವಕೀಲರು, "30 ದಿನ ಅಂತಲೇ ತಿಳ್ಕೊಂಡು ಓಡಿ, ಉಳಿದದ್ದು ಆಮೇಲೆ ನೋಡೋಣ" ಎಂದರು. ನಾನು ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ತಡವಾದರೆ ದಾರಿಯೇ ಇಲ್ಲ ಎಂದಲ್ಲ, ಲಿಮಿಟೇಷನ್ ಕಾಯ್ದೆಯ 5ನೇ ಕಲಂ ಕೆಳಗೆ ತಡವನ್ನು ಮನ್ನಿಸಿ ಎಂದು ಅರ್ಜಿ ಕೊಡಬಹುದು. ಆದರೆ ಯಾಕೆ ತಡವಾಯಿತು ಎನ್ನುವುದಕ್ಕೆ ಸರಿಯಾದ ಕಾರಣ ತೋರಿಸಬೇಕು, ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ, ಮೂಲ ವಿಷಯ ಹಿಂದೆ ಉಳಿಯುತ್ತದೆ.

ಅಪೀಲು ಬೇಡ, ರಿವ್ಯೂ ಹಾಕಿ, ಅದೇ ಕೋರ್ಟಿನಲ್ಲಿ ಆಗುತ್ತದೆ, ಧಾರವಾಡಕ್ಕೆ ಅಲೆಯುವುದು ತಪ್ಪುತ್ತದೆ ಎಂದು ಹೇಳಿದವರೂ ಇದ್ದರು. ನನಗೂ ಒಂದು ಕ್ಷಣ ಸುಲಭ ಅನ್ನಿಸಿತು. ವಕೀಲರು ಬೇಡ ಎಂದರು. ರಿವ್ಯೂ ಎಂದರೆ ತೀರ್ಪಿನ ಮುಖದಲ್ಲೇ ಎದ್ದು ಕಾಣುವ ತಪ್ಪು, ಕೂಡಿಸುವಲ್ಲಿ ಕಳೆಯುವಲ್ಲಿ ಆದಂಥದ್ದು, ಅಥವಾ ಎಷ್ಟು ಪ್ರಯತ್ನ ಪಟ್ಟರೂ ಆಗ ಸಿಗದೆ ಈಗ ಸಿಕ್ಕಿದ ದಾಖಲೆ, ಇಂಥದ್ದಕ್ಕೆ. ಸಾಕ್ಷ್ಯವನ್ನು ಸರಿಯಾಗಿ ನೋಡಲಿಲ್ಲ ಎನ್ನುವುದು ಅಪೀಲಿನ ಮಾತು. ಇನ್ನು 25ನೇ ಕಲಂನ 2ನೇ ಉಪಕಲಂ ಒಂದಿದೆ, ಪರಿಸ್ಥಿತಿ ಬದಲಾದರೆ ಜೀವನಾಂಶದ ಆದೇಶವನ್ನು ಅದೇ ಕೋರ್ಟು ಬದಲಾಯಿಸಬಹುದು. ಮುಂದೆ ಆತನ ಆದಾಯ ಹೆಚ್ಚಿದರೆ, ನನಗೆ ಕಾಯಿಲೆ ಬಂದರೆ ಅದು ಬೇಕಾಗುತ್ತದೆ. ತೀರ್ಪಿನ ದಿನವೇ ಇದ್ದ ತಪ್ಪಿಗೆ ಅದು ಮದ್ದಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೀರ್ಪನ್ನು ಓದುವುದು. ನಾನು ಅದನ್ನು ಮೊದಲ ಸಲ ಓದಿದಾಗ ಕಣ್ಣೀರು ಬಿಟ್ಟು ಬೇರೇನೂ ಬರಲಿಲ್ಲ. ನನ್ನ ಬಗ್ಗೆ ಅವರ ಕಡೆಯವರು ಹೇಳಿದ್ದೆಲ್ಲ ಸಾಲು ಸಾಲಾಗಿ ಇತ್ತು. ತಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಪೆನ್ಸಿಲು ಕೊಟ್ಟು, "ಅಕ್ಕಾ, ನಿನಗೆ ಬೇಜಾರಾದ ಜಾಗಕ್ಕೆ ಗೆರೆ ಹಾಕಬೇಡ. ಸುಳ್ಳು ಇರುವ ಜಾಗಕ್ಕೆ ಮಾತ್ರ ಹಾಕು" ಎಂದ. ಹಾಗೆ ಓದಿದಾಗ ಗೆರೆ ಬಿದ್ದದ್ದು ಕೆಲವೇ ಕಡೆ. ಒಂದು ಕಡೆ ಹೀಗಿತ್ತು: ಅರ್ಜಿದಾರನಿಗೆ ತೋಟದಿಂದ ಆದಾಯ ಇದೆ ಎನ್ನಲು ಪ್ರತಿವಾದಿ ಯಾವುದೇ ದಾಖಲೆ ಹಾಜರುಪಡಿಸಿಲ್ಲ.

ಹಾಜರುಪಡಿಸಿದ್ದೆ. ಆತನ ಬ್ಯಾಂಕ್ ಸ್ಟೇಟ್‌ಮೆಂಟ್ ಅದು, ಎಕ್ಸಿಬಿಟ್ ಆರ್-9 ಎಂದು ಗುರುತು ಕೂಡ ಆಗಿತ್ತು. ಅದರಲ್ಲಿ ಫೆಬ್ರವರಿಯಿಂದ ಮೇ ತನಕ ಅಡಿಕೆ ಸೊಸೈಟಿಯಿಂದ ಜಮಾ ಆದ ಸಾಲುಗಳು ಇದ್ದವು, ಒಂದೊಂದೂ ಲಕ್ಷದ ಮೇಲೆ. ರಾಶಿ ಅಡಿಕೆ ಕ್ವಿಂಟಲ್‌ಗೆ 40 ಸಾವಿರ ದಾಟಿದ ವರ್ಷ ಅದು. ಪಹಣಿಯ 9ನೇ ಕಾಲಂನಲ್ಲಿ ಮಾವನ ಹೆಸರು ಇರುವುದು ನಿಜ. ಆದರೆ ಅಡಿಕೆ ಮಾರಿದ ದುಡ್ಡು ಬಂದದ್ದು ಮಗನ ಖಾತೆಗೆ. ಇಷ್ಟೇ ಅಲ್ಲ. ಪಾಟಿ ಸವಾಲಿನಲ್ಲಿ ಆತನೇ ಒಪ್ಪಿಕೊಂಡ ಸಾಲು ಇತ್ತು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನು ಹೇಗೆ ಬರೆಯುತ್ತಾರೆ ಗೊತ್ತಲ್ವಾ, "ಸೊಸೈಟಿಯಲ್ಲಿ ನನ್ನ ಹೆಸರಿನ ಖಾತೆಯ ಮೂಲಕ ಅಡಿಕೆ ವಿಕ್ರಿ ಆಗುತ್ತದೆ ಎಂದರೆ ಸರಿ." ಆ 'ಎಂದರೆ ಸರಿ' ಎನ್ನುವ ಎರಡು ಪದದ ಮೇಲೆ ನನ್ನ ಅಪೀಲು ನಿಂತಿತು ಎಂದರೆ ಜಾಸ್ತಿ ಆಗಲಾರದು. ಅದನ್ನು ತೀರ್ಪಿನಲ್ಲಿ ಎಲ್ಲೂ ಎತ್ತಿಕೊಂಡಿರಲಿಲ್ಲ.

ಇನ್ನೊಂದು ಗೆರೆ ಅಫಿಡವಿಟ್ಟಿಗೆ ಸಂಬಂಧಿಸಿದ್ದು. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಕೊಡಬೇಕು ಎಂದು ಹೇಳಿತು. ನಮೂನೆಯನ್ನೂ ಕೊಟ್ಟಿದೆ, ಆದಾಯ, ಬ್ಯಾಂಕ್ ಖಾತೆ, ಜಮೀನು, ವಾಹನ, ಸಾಲ, ಎಲ್ಲಕ್ಕೂ ಕಾಲಂ ಇದೆ. ಆತ ಕೊಟ್ಟ ಅಫಿಡವಿಟ್ಟಿನಲ್ಲಿ ಕೃಷಿ ಆದಾಯದ ಎದುರು 'ಇಲ್ಲ' ಎಂದಿತ್ತು. ಅದೇ ಫೈಲಿನಲ್ಲಿ ಆರ್-9 ಇತ್ತು. ಎರಡೂ ಒಂದೇ ಕಟ್ಟಿನಲ್ಲಿ ಕೂತಿದ್ದವು, ಒಂದರ ಪಕ್ಕ ಒಂದನ್ನು ಇಟ್ಟು ಯಾರೂ ನೋಡಿರಲಿಲ್ಲ.

ಬಿ.ಎಡ್ ಮಾತಿಗೂ ಉತ್ತರ ಇತ್ತು. ನಾನು ಬಿ.ಎಡ್ ಮಾಡಿದ್ದು ಮದುವೆಗೆ ಮೊದಲು, ಒಂದು ದಿನವೂ ಕೆಲಸ ಮಾಡಿದವಳಲ್ಲ, ಮಾಡಲು ಬಿಟ್ಟವರೂ ಅಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ನಮ್ಮ ಕರ್ನಾಟಕದಿಂದಲೇ ಹೋದ ಶೈಲಜಾ ವಿರುದ್ಧ ಖೊಬ್ಬಣ್ಣ ಪ್ರಕರಣದಲ್ಲಿ, ದುಡಿಯುವ ಸಾಮರ್ಥ್ಯ ಇರುವುದು ಬೇರೆ, ನಿಜಕ್ಕೂ ದುಡಿಯುತ್ತಿರುವುದು ಬೇರೆ, ಸಾಮರ್ಥ್ಯ ಇದೆ ಎನ್ನುವುದೊಂದೇ ಜೀವನಾಂಶ ಕಡಿಮೆ ಮಾಡಲು ಸಾಕಾಗುವ ಕಾರಣ ಅಲ್ಲ ಎಂದು ಹೇಳಿದೆ. ಇದನ್ನು ಓದಿದಾಗ ನನಗೆ ಸಿಕ್ಕ ಧೈರ್ಯ ದೊಡ್ಡದು. ನನ್ನ ಹಾಗೆ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿಟ್ಟು ತೋಟದ ಮನೆಗೆ ಹೋದವರು ನಮ್ಮ ಕಡೆ ಎಷ್ಟು ಜನ ಇಲ್ಲ?

ಉತ್ತರ ಕನ್ನಡದವರಿಗೆ ಹೈಕೋರ್ಟು ಎಂದರೆ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಬೆಂಗಳೂರಿಗೇ ಹೋಗಬೇಕಿತ್ತು. ವಕೀಲರ ಫೀಸು ಹೇಗಪ್ಪಾ ಎನ್ನುವ ಯೋಚನೆ ನನಗೆ ಇದ್ದೇ ಇತ್ತು. ಆಗ ಗೊತ್ತಾಗಿದ್ದು, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಬಡವರಿಗೆ ಮಾತ್ರ ಎಂದು ನಾನು ಕೇಳಿದವರೆಲ್ಲ ಹೇಳುತ್ತಿದ್ದರು, ಅದು ಸರಿಯಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟೆ, ಅಲ್ಲಿಂದ ಧಾರವಾಡದ ಹೈಕೋರ್ಟು ಕಾನೂನು ಸೇವಾ ಸಮಿತಿಗೆ ಹೋಯಿತು, ಒಬ್ಬರು ಮೇಡಂ ಅವರನ್ನು ನೇಮಿಸಿದರು. ಉಚಿತ ವಕೀಲರು ಎಂದರೆ ಮನಸ್ಸಿಟ್ಟು ಮಾಡುವುದಿಲ್ಲ ಎಂದು ಹೆದರಿಸಿದವರು ಇದ್ದರು. ನನ್ನ ಮಟ್ಟಿಗೆ ಅದು ಸುಳ್ಳಾಯಿತು. ಆ ಮೇಡಂ ನನ್ನ ಫೈಲನ್ನು ನನಗಿಂತ ಚೆನ್ನಾಗಿ ಓದಿದ್ದರು.

ಅವರು ಮೊದಲ ಭೇಟಿಯಲ್ಲೇ ನನ್ನನ್ನು ಅರ್ಧಕ್ಕೆ ತಡೆದರು. ನಾನು ಅತ್ತೆ ಹೀಗೆ ಮಾಡಿದರು, ನಾದಿನಿ ಹಾಗೆ ಅಂದಳು ಎಂದು ಹೇಳುತ್ತಾ ಇದ್ದೆ. "ಅದೆಲ್ಲ ನಿಜ ಇರಬಹುದು ಅಮ್ಮಾ. ಆದರೆ ಇಲ್ಲಿ ನಾವು ಹೊಸದಾಗಿ ಕಥೆ ಹೇಳೋ ಹಾಗಿಲ್ಲ. ಕೆಳಗಿನ ಕೋರ್ಟಿನ ಫೈಲಿನಲ್ಲಿ ಏನು ಇದೆಯೋ ಅದರಿಂದಲೇ ತೋರಿಸಬೇಕು" ಎಂದರು. ಹೊಸ ದಾಖಲೆ ಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 27ರ ಅರ್ಜಿ ಬೇಕು, ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆದ್ದರಿಂದ ತಮ್ಮ ಹಾಕಿಸಿದ್ದ ಪೆನ್ಸಿಲ್ ಗೆರೆಗಳೇ ಅಪೀಲಿನ ಕಾರಣಗಳಾದವು. ಯಾವ ಪ್ಯಾರಾ, ಅದಕ್ಕೆ ಎದುರಾಗಿ ಯಾವ ಎಕ್ಸಿಬಿಟ್, ಪಾಟಿ ಸವಾಲಿನ ಯಾವ ಪುಟ.

ಅಪೀಲು ಫೈಲಾದ ಮೇಲೆ ಆಫೀಸ್ ಅಬ್ಜೆಕ್ಷನ್ ಬರುತ್ತದೆ. ಇಂಥ ಪುಟ ಓದಲು ಆಗುವುದಿಲ್ಲ, ಟೈಪ್ ಮಾಡಿ ಕೊಡಿ, ಇಲ್ಲಿ ಸಹಿ ಇಲ್ಲ, ಹೀಗೆ. ಅದನ್ನೆಲ್ಲ ಸರಿ ಮಾಡಿದ ಮೇಲೆ ಎಂ.ಎಫ್.ಎ. (ಹೈಕೋರ್ಟಿನಲ್ಲಿ ಇಂಥ ಅಪೀಲಿಗೆ ಕೊಡುವ) ನಂಬರು ಬಿತ್ತು. ಆತನಿಗೆ ನೋಟಿಸು ಹೋಗಿ, ಕೆಳಗಿನ ಕೋರ್ಟಿನ ದಾಖಲೆಗಳನ್ನು ತರಿಸಿಕೊಂಡು, ಅಲ್ಲಿಗೇ ತುಂಬಾ ಸಮಯ ಹಿಡಿಯಿತು. ಹಿಂದೂ ವಿವಾಹ ಕಾಯ್ದೆಯ 21ಬಿ ಕಲಂನಲ್ಲಿ ಇಂಥ ಅಪೀಲನ್ನು 3 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದಿದೆ. ನನ್ನದು ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯಿತು.

ಈ ನಡುವೆ 6 ಲಕ್ಷದ ಪ್ರಶ್ನೆ ಬಂತು. ಆತ ಅದನ್ನು ಕೋರ್ಟಿನಲ್ಲಿ ಜಮಾ ಮಾಡಿದ. ಮುಟ್ಟಬೇಡ, ತೆಗೆದುಕೊಂಡರೆ ತೀರ್ಪು ಒಪ್ಪಿಕೊಂಡ ಹಾಗೆ ಆಗುತ್ತದೆ ಎಂದು ಊರಿನವರ ಸಲಹೆ. ನಾನು ಹೆದರಿ ಮೇಡಂಗೆ ಫೋನ್ ಮಾಡಿದೆ. ಅವರು, ಅಪೀಲಿನ ಹಕ್ಕನ್ನು ಉಳಿಸಿಕೊಂಡು ಈ ಹಣವನ್ನು ಪಡೆಯುತ್ತಿದ್ದೇನೆ ಎಂದು ಸ್ಪಷ್ಟವಾಗಿ ಬರೆದು ಮೆಮೊ ಕೊಡಿಸಿ ಹಣ ಬಿಡಿಸಿಕೊಟ್ಟರು. ಮಗಳ ಶಾಲೆ, ಅಪ್ಪಯ್ಯನ ಔಷಧಿ, ಆ ಹಣ ಇಲ್ಲದಿದ್ದರೆ ನಾನು ಅಪೀಲು ಅರ್ಧಕ್ಕೇ ಬಿಡುತ್ತಿದ್ದೆ. ಅಪೀಲು ನಡೆಯುವಾಗಲೂ 24ನೇ ಕಲಂ ಕೆಳಗೆ ಮಧ್ಯಂತರ ಜೀವನಾಂಶ ಮತ್ತು ಕೋರ್ಟು ಖರ್ಚು ಕೇಳಬಹುದು ಎನ್ನುವುದನ್ನೂ ಅವರೇ ಹೇಳಿದ್ದು.

ಪ್ರತಿ ತಾರೀಖಿಗೂ ನಾವು ಹೋಗಬೇಕಿಲ್ಲ, ವಕೀಲರು ಇದ್ದರೆ ಸಾಕು. ಆದರೂ ಮುಖ್ಯ ಎನ್ನಿಸಿದ ದಿನ ನಾನು ಹೋಗುತ್ತಿದ್ದೆ. ಶಿರಸಿಯಿಂದ ಬೆಳಗಿನ ಬಸ್ಸು, ಮುಂಡಗೋಡ ದಾಟಿ ಹುಬ್ಬಳ್ಳಿ, ಅಲ್ಲಿಂದ ಧಾರವಾಡ, ಮತ್ತೆ ಊರ ಹೊರಗೆ ಹೈವೇ ಪಕ್ಕ ಬೇಲೂರಿನ ಹತ್ತಿರ ಹೈಕೋರ್ಟು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಬ್ಬಳ್ಳಿ ತನಕ ಆಧಾರ್ ಕಾರ್ಡ್ ತೋರಿಸಿ ಟಿಕೆಟ್ಟಿಗೆ ದುಡ್ಡು ಕೊಡದೆ ಹೋದೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ತಮ್ಮನ ಹತ್ತಿರ ಬಸ್ ಚಾರ್ಜಿಗೆ ಕೈಚಾಚಬೇಕಾಗಿ ಬಂದಿದ್ದರೆ ಅಷ್ಟು ಸಲ ಹೋಗುತ್ತಿರಲಿಲ್ಲ, ಹೋಗದೇ ಇದ್ದಿದ್ದರೆ ಮಧ್ಯಸ್ಥಿಕೆಯ ದಿನ ರಾಜಿ ಪತ್ರದ ಕರಡನ್ನು ನಾನೇ ಕೂತು ಓದುತ್ತಿರಲಿಲ್ಲ.

ಹೈಕೋರ್ಟು ನಮ್ಮನ್ನು ಮೀಡಿಯೇಷನ್‌ಗೆ ಕಳಿಸಿತ್ತು. ಒಂದು ಟೇಬಲ್ಲು, ಆ ಕಡೆ ಆತ ಮತ್ತು ಆತನ ಚಿಕ್ಕಪ್ಪ, ಈ ಕಡೆ ನಾನು ಮತ್ತು ತಮ್ಮ. ಮಧ್ಯಸ್ಥಿಕೆಗಾರರು ಒಳ್ಳೆಯವರು, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಮೊತ್ತ ಮೆಲ್ಲಗೆ ಏರಿ 12 ಲಕ್ಷಕ್ಕೆ ಬಂತು. ನಾನು ಒಪ್ಪುವ ಹಂತದಲ್ಲಿದ್ದೆ, ನಿಜ ಹೇಳಬೇಕೆಂದರೆ ದಣಿದಿದ್ದೆ. ಅವರ ಕಡೆಯವರು ಕರಡು ತಂದರು. ಐದನೇ ಷರತ್ತು: ಪ್ರತಿವಾದಿಗಾಗಲಿ ಆಕೆಯ ಮಗಳಿಗಾಗಲಿ ಅರ್ಜಿದಾರನ ಕುಟುಂಬದ ಯಾವುದೇ ಸ್ಥಿರಾಸ್ತಿಯಲ್ಲಿ ಹಕ್ಕು, ಪಾಲು ಇರುವುದಿಲ್ಲ, ಮುಂದೆಯೂ ಕೇಳತಕ್ಕದ್ದಲ್ಲ.

ಆಕೆಯ ಮಗಳು! ಅವನ ಮಗಳೂ ಹೌದಲ್ಲವೇ?

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಾನೂನಿನಲ್ಲಿ ಗಂಡನ ಹೆಸರಿನ ಆಸ್ತಿಯಲ್ಲಿ ಹೆಂಡತಿಗೆ ವಿಚ್ಛೇದನದ ಹೊತ್ತಿಗೆ ಅರ್ಧ ಪಾಲು ಎನ್ನುವುದು ಇಲ್ಲ. ಹೊರದೇಶದ ಸುದ್ದಿ ಓದಿ ಸುಮಾರು ಜನ ಇದೆ ಎಂದುಕೊಂಡಿರುತ್ತಾರೆ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಇರುವುದು ಮದುವೆ ಸಮಯದಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ವಸ್ತುಗಳಿಗೆ ಮಾತ್ರ. ಮನೆಯ ಮೇಲಿನ ನನ್ನ ಬೇಡಿಕೆ ನಿಲ್ಲುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಆದರೆ ಮಗಳ ವಿಷಯ ಬೇರೆ. ಕೆಳಗಿನ ಕೋರ್ಟಿನಲ್ಲಿ ಆತ ಉದ್ದಕ್ಕೂ ಹೇಳಿದ್ದು ಏನು? ತೋಟ ನನ್ನದಲ್ಲ, ಮುತ್ತಜ್ಜನ ಕಾಲದಿಂದ ಬಂದದ್ದು, ಅವಿಭಕ್ತ ಕುಟುಂಬದ್ದು ಎಂದು. ಜೀವನಾಂಶ ತಪ್ಪಿಸಲು ಹೇಳಿದ ಮಾತು. ಆ ಮಾತು ನಿಜವಾದರೆ ಆ ತೋಟದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಇದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳನ್ನು ಸಮಾನ ಹಕ್ಕುದಾರರನ್ನಾಗಿ ಮಾಡಿತು, ಇಡೀ ದೇಶಕ್ಕೆ 2005ರ ಸೆಪ್ಟೆಂಬರ್ 9ರಿಂದ ಬಂತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಅದು ಹುಟ್ಟಿನಿಂದ ಬರುವ ಹಕ್ಕು ಎಂದು ಖಚಿತ ಮಾಡಿತು. ಅಪ್ಪ ಅಮ್ಮ ಬೇರೆಯಾದರೆ ಅದು ಹೋಗುವುದಿಲ್ಲ.

ನಾನು ಐದನೇ ಷರತ್ತು ತೆಗೆಯಿರಿ ಎಂದೆ. ಚಿಕ್ಕಪ್ಪ, "ಅದು ಸುಮ್ನೆ ರೂಢಿಗೆ ಬರೆಯೋದು, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ" ಎಂದರು. ರೂಢಿಗೆ ಬರೆಯುವುದಾದರೆ ತೆಗೆಯಲು ಏನು ಕಷ್ಟ? ಸಣ್ಣ ಮಕ್ಕಳ ಪರವಾಗಿ ರಾಜಿ ಮಾಡಿಕೊಳ್ಳಬೇಕೆಂದರೆ ಕೋರ್ಟಿನ ಅನುಮತಿ ಬೇಕು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 32, ನಿಯಮ 7ರಲ್ಲಿ ಇದೆ, ಮೇಡಂ ಅದನ್ನು ಅಲ್ಲಿಯೇ ತೆಗೆದು ತೋರಿಸಿದರು. ಅವರು ಒಪ್ಪಲಿಲ್ಲ, ಎದ್ದು ಹೋದರು. ಮೀಡಿಯೇಷನ್ ಮುರಿಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ತಮ್ಮ, "12 ಲಕ್ಷ ಕೈಬಿಟ್ಟೆ ಅಲ್ವಾ ಅಕ್ಕಾ" ಎಂದು ಕೇಳಿದ. ಬಿಟ್ಟೆ. ಇವತ್ತಿಗೂ ಅದರ ಬಗ್ಗೆ ನನಗೆ ಎರಡನೇ ಯೋಚನೆ ಇಲ್ಲ. ರಾಜಿ ಆದ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಅಪೀಲು ಕೂಡ ಹೋಗಲು ಬರುವುದಿಲ್ಲ, ಸಹಿ ಹಾಕಿದ ಮೇಲೆ ಅಳುವುದರಲ್ಲಿ ಪ್ರಯೋಜನ ಇರಲಿಲ್ಲ. ಯಾರಾದರೂ ನಿಮ್ಮ ಎದುರು ರಾಜಿ ಪತ್ರ ಇಟ್ಟರೆ ದಯವಿಟ್ಟು ಕೊನೆಯ ಷರತ್ತಿನ ತನಕ ಓದಿ, ಮಕ್ಕಳ ಹೆಸರು ಎಲ್ಲಿ ಬಂದಿದೆ ಎಂದು ಹುಡುಕಿ.

ವಾದ ನಡೆದದ್ದು ಮಾತ್ರ ತುಂಬಾ ಸ್ವಲ್ಪ ಹೊತ್ತು. ಇಷ್ಟು ವರ್ಷ ಕಾದು, ಇಷ್ಟು ದೂರ ಹೋಗಿ, ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಮೇಡಂ ಮೂರು ಜಾಗ ತೋರಿಸಿದರು, ಆರ್-9, ಪಾಟಿ ಸವಾಲಿನ ಆ ಸಾಲು, ಅಫಿಡವಿಟ್ಟಿನ 'ಇಲ್ಲ' ಎನ್ನುವ ಕಾಲಂ. ನ್ಯಾಯಮೂರ್ತಿಗಳು ಎದುರಿನ ವಕೀಲರನ್ನು, ಈ ಖಾತೆ ನಿಮ್ಮ ಕಕ್ಷಿದಾರರದ್ದೇ ತಾನೇ ಎಂದು ಕೇಳಿದರು. ಅವರು ಕುಟುಂಬದ ಪರವಾಗಿ ನೋಡಿಕೊಳ್ಳುವ ಖಾತೆ ಎಂದರು. ಹಾಗಾದರೆ ಅಫಿಡವಿಟ್ಟಿನಲ್ಲಿ ಯಾಕೆ ಬರೆಯಲಿಲ್ಲ ಎನ್ನುವ ಪ್ರಶ್ನೆಗೆ ಉತ್ತರ ಬರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತು ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆದೇಶದಲ್ಲಿ ನನ್ನ ಜೀವನಾಂಶ 6 ಲಕ್ಷದಿಂದ 14 ಲಕ್ಷಕ್ಕೆ ಏರಿತು. ಮಗಳಿಗೆ 3,000 ಇದ್ದದ್ದು 7,500 ಆಯಿತು. ಉಳಿದ ಹಣ ಕೊಡಲು 3 ತಿಂಗಳು ಕೊಟ್ಟರು, ತಪ್ಪಿದರೆ ಬಡ್ಡಿ. ಮನೆಯ ಬೇಡಿಕೆ ವಜಾ. ಬಂಗಾರಕ್ಕೆ ಬೇರೆ ಕಾನೂನು ಕ್ರಮಕ್ಕೆ ಅವಕಾಶ ಉಳಿಸಿದರು. ಆದಾಯ ಇಲ್ಲ ಎನ್ನುವ ಸಾಲು ಹೋಗಿ, ದಾಖಲೆಯನ್ನು ಪರಿಗಣಿಸಿಲ್ಲ ಎನ್ನುವ ಸಾಲು ಬಂತು. ಆ ಪುಟವನ್ನು ಆಯಿಗೆ ಓದಿ ಹೇಳಿದೆ, ಅವಳು ಮತ್ತೊಮ್ಮೆ ಓದು ಎಂದಳು.

ಗೆದ್ದ ಮೇಲೆ ದುಡ್ಡು ತಾನಾಗಿ ಬರುತ್ತದೆ ಎಂದುಕೊಂಡವರಿಗೆ ಒಂದು ಮಾತು. ಬರುವುದಿಲ್ಲ. 3 ತಿಂಗಳು ಕಳೆಯಿತು, ಆತ ಸುಪ್ರೀಂ ಕೋರ್ಟಿಗೆ ಹೋಗುತ್ತೇನೆ ಎಂದು ಹೇಳಿಕೊಂಡು ಓಡಾಡಿದ, ಹೋಗಲಿಲ್ಲ. ನಾವು ಮೂಲ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎನ್ನುವ ಅರ್ಜಿ, ಹಾಕಿದೆವು. ಸಂಹಿತೆಯ ಆದೇಶ 21 ಪೂರ್ತಿ ಅದಕ್ಕೇ ಇರುವುದು. ಎದುರಿನವರ ಆಸ್ತಿ ಏನು, ಎಲ್ಲಿದೆ ಎಂದು ನಾವೇ ಪಟ್ಟಿ ಕೊಡಬೇಕು. ಕೊಟ್ಟೆವು, ಅದೇ ಸೊಸೈಟಿ ಖಾತೆ, ಅದೇ ಬ್ಯಾಂಕ್ ಖಾತೆ. ಖಾತೆಯಲ್ಲಿನ ಹಣವನ್ನು ಜಪ್ತಿ ಮಾಡುವ ಆದೇಶ ಹೊರಟದ್ದು ಅಡಿಕೆ ಮಾರುವ ಸೀಸನ್ನಿನಲ್ಲಿ. ವಾರದೊಳಗೆ ಆತನ ವಕೀಲರು ಕಂತಿನಲ್ಲಿ ಕಟ್ಟುತ್ತೇವೆ ಎಂದು ಮೆಮೊ ಕೊಟ್ಟರು. ಎರಡು ಕಂತಿನಲ್ಲಿ ಬಡ್ಡಿ ಸಮೇತ ಬಂತು. ಮಗಳ ತಿಂಗಳ ಹಣ ಈಗ ನೇರ ಖಾತೆಗೆ ಬೀಳುತ್ತದೆ, ಒಂದೆರಡು ಸಲ ತಡವಾಗಿದೆ, ಆಗ ವಕೀಲರಿಂದ ಫೋನ್ ಹೋದರೆ ಸಾಕಾಗುತ್ತದೆ.

ಬಂಗಾರದ್ದು ಈಗ ಪ್ರತ್ಯೇಕವಾಗಿ ನಡೆಯುತ್ತಿದೆ. ಸ್ತ್ರೀಧನದ ಮೇಲೆ ಹೆಂಡತಿಗೆ ಪೂರ್ತಿ ಹಕ್ಕು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ, ಹಾಗಾಗಿ ಹಕ್ಕಿನ ಪ್ರಶ್ನೆ ಅಲ್ಲ, ಏನೇನು ಇತ್ತು ಮತ್ತು ಯಾರ ಹತ್ತಿರ ಉಳಿಯಿತು ಎನ್ನುವುದನ್ನು ತೋರಿಸುವ ಪ್ರಶ್ನೆ. ಅಪ್ಪಯ್ಯ ಮದುವೆಯ ವರ್ಷದ ಬಿಲ್ಲುಗಳನ್ನು ಹಳೇ ಪಂಚಾಂಗದ ಒಳಗೆ ಜೋಪಾನವಾಗಿ ಇಟ್ಟಿದ್ದರು, ಅವಲಕ್ಕಿ ಸರ, ನಾಲ್ಕು ಬಳೆ, ಬೆಂಡೋಲೆ, ಎಲ್ಲದರ ತೂಕ ಅದರಲ್ಲಿದೆ. ಮದುವೆ ಆಲ್ಬಮ್ಮಿನ ಫೋಟೋಗಳ ಜೊತೆ ಅವನ್ನು ಒಂದೊಂದಾಗಿ ಹೊಂದಿಸಿ, ನಂಬರು ಹಾಕಿ, ವಕೀಲರ ಕೈಗೆ ಕೊಟ್ಟಿದ್ದೇನೆ. ಮುಂದಿನ ತಾರೀಖಿಗೆ ನನ್ನ ಸಾಕ್ಷಿ ಇದೆ.